ಟ್ಯೂಬು ಸುತ್ತಿದ ಪೈಪು

"ತಲೆ ಕಡೆ ಎತ್ತಿ, ತಲೆ ಕಡೆ!" ಕೆಳಗಿನಿಂದ ಸತ್ತವಳ ಅಪ್ಪ ಕೂಗಿದರು. ಮೆಟ್ಟಿಲಿನ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಹಾಕಿಕೊಂಡಿತ್ತು. ಏಳು ತಿಂಗಳ ಹೊಟ್ಟೆಗೆ ಗೋಡೆ ತಗಲದಂತೆ ಅವಳ ಗಂಡ ಕೈ ಅಡ್ಡ ಹಿಡಿದ. ಒಳಗಿನ ಕೂಸಿಗೆ ಇನ್ನು ನೋವಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೆಣ್ಣು ತರಚಿ ರಕ್ತ ಬಂದರೂ ಕೈ ತೆಗೆಯಲಿಲ್ಲ.

ಅವನು ಆ ಬಡಾವಣೆಯ ನೀರುಗಂಟಿ. ದಿನ ಬಿಟ್ಟು ದಿನ ವಾಲ್ವ್ ತಿರುಗಿಸಿ ನೀರು ಬಿಡುವುದು ಅವನ ಕೆಲಸ. ಅವಳು ದರ್ಜಿ. ಅಳತೆಯ ಟೇಪು ಅವಳ ಕೊರಳಿನಿಂದ ಇಳಿದದ್ದನ್ನು ಯಾರೂ ಕಂಡಿರಲಿಲ್ಲ, ಹಾಗಾಗಿ ಬೀದಿಗೆಲ್ಲ ಟೇಪಕ್ಕ. ಮಕ್ಕಳ ಯೂನಿಫಾರಂ ಹೊಲಿದರೆ ಕೇಳಲಿ ಬಿಡಲಿ, ಅಂಚಿನಲ್ಲಿ ಎರಡು ಇಂಚು ಮಡಿಸಿಟ್ಟಿರುತ್ತಿದ್ದಳು. "ಬಿಚ್ಚಿದ್ರೆ ಇನ್ನೊಂದು ವರ್ಷ ಬರುತ್ತೆ" ಎನ್ನುತ್ತಿದ್ದಳು. ವ್ಯಾಪಾರ ಗೊತ್ತಿಲ್ಲದ ಹೆಂಗಸು.

"ಕಾಮಾಲೆಗೆ ಯಾರಾದ್ರೂ ಸಾಯ್ತಾರಾ?" ಎದುರುಮನೆ ಅಜ್ಜಿ ಮೂಗು ಒರೆಸಿಕೊಂಡಳು. "ನಮ್ಮನೇಲಿ ಮೂರು ಜನಕ್ಕೆ ಬಂತು. ಹದಿನೈದು ದಿನ ಮಲಗಿ ಎದ್ರು."

"ಹಣೆಬರಹ," ಎಂದರು ಕೆಳಗೆ ನಿಂತಿದ್ದ ಮಾವ.

ನೀರುಗಂಟಿ ಗೆಣ್ಣಿನ ರಕ್ತವನ್ನು ಅಂಗಿಗೆ ಒರೆಸಿಕೊಂಡ.

*

ಎರಡು ತಿಂಗಳ ಹಿಂದೆ, ಬೀದಿ ಮೂಲೆಯಲ್ಲಿ ಚರಂಡಿ ದಾಟುವ ಪೈಪು ಸೋರತೊಡಗಿತ್ತು. ನೀರಿನ ಆಫೀಸಿಗೆ ತಿಳಿಸಿದರೆ ರಸ್ತೆ ಅಗೆದು ವಾರಗಟ್ಟಲೆ ನೀರು ನಿಲ್ಲಿಸುತ್ತಾರೆ. ತಿಳಿಸಬೇಡ ಎಂದು ಬೀದಿಯವರೆಲ್ಲ ಅವನಿಗೆ ದುಂಬಾಲು ಬಿದ್ದರು. ಎಲ್ಲರಿಗಿಂತ ಮುಂದೆ ನಿಂತವಳು ಹೆಂಡತಿಯೇ.

"ಈ ಹೊಟ್ಟೆ ಹೊತ್ಕೊಂಡು ನಾನೆಲ್ಲಿಂದ ಕೊಡ ತರಲಿ? ನೀವೇ ಏನಾದ್ರೂ ಮಾಡಿ."

ಅವನು ಹಳೆಯ ಸೈಕಲ್ ಟ್ಯೂಬು ಸೀಳಿ, ಏಳು ಸುತ್ತು ಸುತ್ತಿ, ತಂತಿ ಬಿಗಿದ. ಸೋರುವುದು ನಿಂತಿತು. "ನನ್ನ ಹೊಟ್ಟೆ ಮೇಲೆ ಹೊಡೀತೀರಾ ಹೇಗೆ? ನನಗಿಂತ ಚೆನ್ನಾಗಿ ಹೊಲೀತೀರಲ್ಲ!" ಎಂದು ಅವಳು ನಕ್ಕಳು.

ನೀರು ಬಿಟ್ಟಾಗ ಒತ್ತಡಕ್ಕೆ ಟ್ಯೂಬು ತಡೆಯುತ್ತದೆ. ವಾಲ್ವ್ ಮುಚ್ಚಿದಾಗ ಖಾಲಿ ಪೈಪು ಟ್ಯೂಬಿನ ಸಂದಿಯಿಂದ ಚರಂಡಿಯನ್ನೇ ಒಳಗೆ ಹೀರಿಕೊಳ್ಳುತ್ತದೆ. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವನಿಗೆ ಇದು ತಿಳಿಯದ್ದೇನಲ್ಲ. ನಾಲ್ಕು ದಿನದ ಮಟ್ಟಿಗೆ ಎಂದುಕೊಂಡಿದ್ದ. ಆಮೇಲೆ ಮರೆತ.

*

ಜ್ವರ, ವಾಂತಿ, ಕಾಮಾಲೆ. ಎರಡನೇ ವಾರ ಅವಳು ಗಂಡನ ಗುರುತನ್ನೇ ಹಿಡಿಯಲಿಲ್ಲ. ರಕ್ತದ ವರದಿ ಬಂದದ್ದು ಅವಳು ಹೋದ ಮೇಲೆ, ನಿನ್ನೆ ಸಂಜೆ.

"ಹೆಪಟೈಟಿಸ್ ಇ," ಎಂದರು ಡಾಕ್ಟರು. "ಪ್ರಪಂಚದಲ್ಲಿ ವರ್ಷಕ್ಕೆ ಕೋಟಿಗಟ್ಟಲೆ ಜನಕ್ಕೆ ತಗಲುತ್ತೆ. ಬಹಳ ಜನ ತಾವಾಗೇ ಹುಷಾರಾಗ್ತಾರೆ. ತುಂಬು ಬಸುರಿಯರಿಗೆ ಮಾತ್ರ ಪ್ರಾಣಕ್ಕೇ ಬರುತ್ತೆ. ಚರಂಡಿ ಬೆರೆತ ನೀರು ಕುಡಿದಿದ್ದಾರೆ. ಕುಡಿದ ಮೇಲೆ ಕಾಣಿಸಿಕೊಳ್ಳೋಕೆ ಐದಾರು ವಾರ ಬೇಕಾಗಬಹುದು. ನಿಮ್ಮ ಕಡೆ ನೀರು ಬಿಡೋರು ಯಾರು?"

"ಗೊತ್ತಿಲ್ಲ ಡಾಕ್ಟ್ರೇ," ಎಂದುಬಿಟ್ಟ.

*

ಮಣ್ಣು ಮಾಡಿ ಬಂದವರಿಗೆಲ್ಲ ಬಾಯಾರಿತ್ತು. ಹೆಂಡತಿಯ ತಂಗಿ ನಲ್ಲಿ ನೀರನ್ನು ಲೋಟಗಳಿಗೆ ಬಗ್ಗಿಸಿ ಕೊಡುತ್ತಿದ್ದಳು. ಅಕ್ಕ ಹಾಸಿಗೆ ಹಿಡಿದ ದಿನವೇ ಓಡಿಬಂದು, ಎರಡು ವಾರದಿಂದ ಈ ಮನೆ ನೋಡಿಕೊಂಡವಳು. ಅವಳಿಗೂ ಆರು ತಿಂಗಳು. ಎಲ್ಲರಿಗೂ ಕೊಟ್ಟಾದ ಮೇಲೆ ಒಂದು ಲೋಟ ತಾನೂ ಎತ್ತಿಕೊಂಡಳು.

ನೀರುಗಂಟಿ ಎದ್ದವನೇ ಲೋಟವನ್ನು ಹೊಡೆದು ಬೀಳಿಸಿದ.

"ಹುಚ್ಚು ಹಿಡೀತಾ?" ಎಂದರು ಮಾವ.

"ಈ ನೀರೇ ಮಾವ. ಚರಂಡಿ ಸೇರಿದೆ. ಟ್ಯೂಬು ಸುತ್ತಿದ್ನಲ್ಲ, ಅಲ್ಲಿಂದ. ಯಾರೂ ಕುಡೀಬೇಡಿ. ಅವಳನ್ನ ಕೊಂದದ್ದು ನಾನು."

ಮಾವ ಎತ್ತಿದ ಕೈ ಅವನ ಕೆನ್ನೆಯ ಹತ್ತಿರ ಬಂದು ನಿಂತಿತು. ಎದುರುಮನೆ ಅಜ್ಜಿ ಲೋಟ ಕೆಳಗಿಟ್ಟಳು. ಆಫೀಸಿಗೆ ತಿಳಿಸಬೇಡ ಎಂದು ದುಂಬಾಲು ಬಿದ್ದವರಲ್ಲಿ ಅವಳೂ ಇದ್ದಳು. ಯಾರೂ ಅವನನ್ನು ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಭಾವ, ನಾನು ಬಂದಾಗಿಂದ ಇದನ್ನೇ ಕುಡೀತಿದ್ದೀನಲ್ಲ," ಎಂದಳು ತಂಗಿ.

ಅವಳು ಕಿಟಕಿಯ ಬೆಳಕಿಗೆ ಹೋಗಿ ನಿಂತು, ಒಂದು ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ಹಿಡಿದಳು.

"ಹಳದಿ ಆಗಿದೆಯಾ?"

ಇಷ್ಟು ಬೇಗ ಏನೂ ಕಾಣಲಿಕ್ಕಿಲ್ಲ ಎಂದು ಗೊತ್ತಿದ್ದೂ ಅವನು ಬಗ್ಗಿ ನೋಡಿದ.

"ಇಲ್ಲಮ್ಮ."

"ಸರಿಯಾಗಿ ನೋಡಿ ಭಾವ," ಎಂದು ಅವಳು ಇನ್ನೊಂದು ಕಣ್ಣಿನ ರೆಪ್ಪೆಯನ್ನೂ ಎಳೆದು ಹಿಡಿದಳು.