ಗುರುಗುಟ್ಟದ ನಾಯಿಗೆ ನೂರಕ್ಕೆ ನೂರು

ಸಾಕಿದ ಪ್ರಾಣಿಯನ್ನು ಕೊಲ್ಲಿಸಲು ಬರುವವರು ಸಾಮಾನ್ಯವಾಗಿ ತಗ್ಗಿದ ದನಿಯಲ್ಲಿ ಮಾತನಾಡುತ್ತಾರೆ. ಬಾಗಿಲ ಬಳಿ ಹಿಂಜರಿದು ನಿಲ್ಲುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ಹೇಳಬೇಕಾದ ಮಾತನ್ನು ಅರ್ಧಕ್ಕೇ ನುಂಗುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಪಶುವೈದ್ಯ ವೃತ್ತಿಯಲ್ಲಿದ್ದ ಡಾಕ್ಟರಮ್ಮ ಅಂಥವರನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, ಮೊದಲು ಅಳಲು ಬಿಡುತ್ತಿದ್ದರು. ಆದರೆ ಆ ಬೆಳಿಗ್ಗೆ ಅವರ ಒಡಹುಟ್ಟಿದ ತಮ್ಮ ಚಿಕಿತ್ಸಾಲಯದೊಳಕ್ಕೆ ಬಂದದ್ದು ಸ್ಕೂಟರಿಗೆ ಪಂಕ್ಚರು ಹಾಕಿಸಲು ಬಂದವನ ಧಾಟಿಯಲ್ಲಿ.

“ಅಕ್ಕಾ, ಒಂದು ಇಂಜೆಕ್ಷನ್ ಅಷ್ಟೇ. ಇದನ್ನ ಮುಗಿಸಿಬಿಡು. ನಾನು ಆಫೀಸಿಗೆ ಹೋಗ್ಬೇಕು.”

‘ಇದು’ ಎಂದರೆ ಮೋಟ. ಮೂರು ವರ್ಷದ, ಕರಿ ಮೈಯ, ಎದೆಯ ಮೇಲೆ ಕಂದು ಮಚ್ಚೆಯಿರುವ ಗಂಡುನಾಯಿ. ಕಾಗದದ ಮೇಲೆ ಅದಕ್ಕೆ ರಾಜಮನೆತನದವರಿಗೆ ಒಪ್ಪುವಂಥ ಉದ್ದನೆಯ ಹೆಸರೊಂದಿತ್ತು. ಬಾಲವಿರಬೇಕಾದ ಜಾಗದಲ್ಲಿ ಹೆಬ್ಬೆರಳಿನಷ್ಟು ಉಳಿದಿದ್ದ ತುಂಡನ್ನು ನೋಡಿ ಮನೆಯವರೆಲ್ಲ ಮೋಟ ಎಂದೇ ಕರೆಯುತ್ತಿದ್ದರು. ಈಗ ಅದರ ಮೂತಿಗೆ ಚರ್ಮದ ಬಾಯಿಕುಕ್ಕೆ, ಕುತ್ತಿಗೆಗೆ ಎಳೆದಷ್ಟೂ ಬಿಗಿಯುವ ಉಕ್ಕಿನ ಸರಪಳಿ. ಸರಪಳಿಯ ಇನ್ನೊಂದು ತುದಿಯನ್ನು ಹಿಡಿದಿದ್ದವರು ಸೀಟಿ ಮೇಷ್ಟ್ರು. ನಾಯಿಗಳಿಗೆ ಶಿಸ್ತು ಕಲಿಸುವುದು ಅವರ ಕಸುಬು. ಎದೆಯ ಮೇಲೆ ಸದಾ ನೇತಾಡುವ ಸೀಟಿಯಿಂದ ಬಂದದ್ದು ಆ ಹೆಸರು. ಎಲ್ಲರ ಹಿಂದೆ, ಎಡಗೈಗೆ ಮೊಣಕೈವರೆಗೆ ಬ್ಯಾಂಡೇಜು ಸುತ್ತಿಕೊಂಡು, ಗೋಡೆಗೆ ಅಂಟಿದಂತೆ ನಿಂತಿದ್ದವಳು ತಮ್ಮನ ಹೆಂಡತಿ.

ನಡೆದದ್ದು ಡಾಕ್ಟರಮ್ಮನಿಗೆ ಫೋನಿನಲ್ಲೇ ತಿಳಿದಿತ್ತು. ನಾಲ್ಕು ದಿನಗಳ ಹಿಂದೆ ಮೋಟ ತಿನ್ನುತ್ತಿದ್ದಾಗ ಅದರ ತಟ್ಟೆಯನ್ನು ಪಕ್ಕಕ್ಕೆ ಸರಿಸಲು ಹೋದ ಆಕೆಯ ಕೈಯನ್ನು ಅದು ಕಚ್ಚಿತ್ತು. ಏಳು ಹೊಲಿಗೆ.

“ಕಚ್ಚಿದ ನಾಯಿನ ಹತ್ತು ದಿನ ಕಣ್ಣಿಟ್ಟು ನೋಡ್ಬೇಕು ಕಣೋ. ಹುಚ್ಚು ಇದೆಯೋ ಇಲ್ವೋ ಗೊತ್ತಾಗ್ಬೇಕಲ್ಲ. ಇನ್ನೂ ಆರು ದಿನ ಇದೆ.”

“ಸರಿ, ಏಳನೇ ದಿನ ಕರ್ಕೊಂಡು ಬರ್ತೀನಿ. ಆವಾಗ ಹಾಕ್ತೀಯಾ?”

ನಿಯಮದ ಮರೆಯಲ್ಲಿ ಅಡಗಿ ಕೂತವರನ್ನು ಒಂದಲ್ಲ ಒಂದು ದಿನ ಆ ನಿಯಮವೇ ಕಿವಿ ಹಿಡಿದು ಬೀದಿಗೆ ತರುತ್ತದೆ.

“ಹಾಕಲ್ಲ. ಯಾಕೆ ಕಚ್ಚಿತು ಅಂತ ಗೊತ್ತಾಗೋವರೆಗೂ ಹಾಕಲ್ಲ.”

“ಯಾಕೆ ಅಂದ್ರೆ? ನಾಯಿ ಕಣೇ ಅದು! ಅದೇನು ಅರ್ಜಿ ಬರೆದು, ಕಾರಣ ತೋರಿಸಿ ಕಚ್ಚುತ್ತಾ? ನೋಡು, ನೀನು ಹಾಕ್ದಿದ್ರೆ ಕಷ್ಟ ಇಲ್ಲ. ಸೇತುವೆ ಆಚೆ ಇನ್ನೊಬ್ಬ ಡಾಕ್ಟರಿಗೆ ಫೋನ್ ಮಾಡಿದ್ದೀನಿ. ಮೂರು ಗಂಟೆಗೆ ಬನ್ನಿ ಅಂದಿದ್ದಾರೆ. ನಿನ್ನ ಥರ ಪುರಾಣ ಬಿಚ್ಚೋರಲ್ಲ ಅವರು.”

ಗೋಡೆಯ ಗಡಿಯಾರದಲ್ಲಿ ಆಗ ಹತ್ತೂಕಾಲು. ಮೋಟನ ಆಯುಷ್ಯಕ್ಕೆ ಹೀಗೆ ಐದು ಗಂಟೆಗಿಂತ ಕಡಿಮೆಯ ಗಡುವು ಬಿತ್ತು. ಮೋಟ ಮಾತ್ರ ಆಜ್ಞೆಗೆ ಕಾಯುವ ಸಿಪಾಯಿಯಂತೆ ಮೇಷ್ಟ್ರ ಎಡಗಾಲಿನ ಪಕ್ಕ ನೆಟ್ಟಗೆ ಕೂತಿತ್ತು.

“ನಾನು ಹೇಳ್ತೀನಿ ಮೇಡಂ,” ಎಂದು ಸೀಟಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಮೂವತ್ತು ವರ್ಷದಿಂದ ನಾಯಿ ತಿದ್ದಿದ್ದೀನಿ. ಸೂಚನೆ ಕೊಟ್ಟು ಕಚ್ಚೋ ನಾಯಿನ ದಾರಿಗೆ ತರಬಹುದು. ಇದು ಗುರ್ ಅನ್ಲಿಲ್ಲ, ಹಲ್ಲು ತೋರಿಸ್ಲಿಲ್ಲ, ಏನೂ ಇಲ್ಲ. ಗಬಕ್! ಇಂಥ ಕಳ್ಳ ನಾಯಿಗೆ ಮದ್ದಿಲ್ಲ. ನಾಯಿ ಬಾಲ ನಳಿಗೆಗೆ ಹಾಕಿದ್ರೂ ಡೊಂಕೇ ಅಂತ ಹಿರಿಯರು ಸುಮ್ನೆ ಹೇಳಿದ್ದಾರಾ?”

“ಡೊಂಕಾಗೋಕೆ ಇದಕ್ಕೆ ಬಾಲ ಎಲ್ಲಿದೆ ಮೇಷ್ಟ್ರೇ? ಅದಿರ್ಲಿ. ಗುರ್ ಅನ್ಲಿಲ್ಲ ಅಂದ್ರಲ್ಲ, ಯಾಕೆ ಅನ್ಲಿಲ್ಲ?”

ಈ ಪ್ರಶ್ನೆಗೆ ಉತ್ತರ ಬಂದದ್ದು ತಮ್ಮನಿಂದ, ಅದೂ ಅಭಿಮಾನದಿಂದ. “ಮೋಟ ಗುರ್ ಅನ್ನೋದೇ ಇಲ್ಲ ಅಕ್ಕಾ. ಆ ಕೆಟ್ಟ ಚಾಳಿ ಪೂರ್ತಿ ಬಿಡಿಸಿದ್ದೀವಿ. ಸರ್ಟಿಫಿಕೇಟೇ ಇದೆ! ಹಾಲ್‌ನಲ್ಲಿ ಟೀವಿ ಪಕ್ಕ ಹಾಕಿದ್ದೀನಲ್ಲ, ನೋಡಿಲ್ವಾ?”

ಅವನು ಫೋನು ತೆಗೆದು ಅದರ ಚಿತ್ರ ತೋರಿಸಿದ. ಚಿನ್ನದ ಬಣ್ಣದ ಅಂಚು, ಕೆಳಗೆ ಮೇಷ್ಟ್ರ ಸಹಿ, ಮಧ್ಯೆ ವಿಷಯವಾರು ಅಂಕಗಳು. ಡಾಕ್ಟರಮ್ಮ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು.

“ಹೇಳಿದಾಗ ಕೂರುವುದು, ತೊಂಬತ್ತು. ಕರೆದಾಗ ಬರುವುದು, ಎಂಬತ್ತೈದು. ತಟ್ಟೆ ಕಿತ್ತುಕೊಂಡರೂ ಗುರುಗುಟ್ಟದಿರುವುದು...” ಅವರು ನಿಲ್ಲಿಸಿದರು. ಮತ್ತೆ ಓದಿದರು. “ನೂರಕ್ಕೆ ನೂರು.”

“ಆ ವಿಷಯದಲ್ಲಿ ಆ ವರ್ಷ ಫಸ್ಟು,” ಎಂದರು ಮೇಷ್ಟ್ರು.

“ಹೇಗೆ ಕಲಿಸಿದ್ರಿ?”

“ಏನಿಲ್ಲ ಮೇಡಂ, ಸುಲಭ. ತಟ್ಟೆ ಇಡೋದು, ತಿನ್ನೋಕೆ ಶುರು ಮಾಡಿದ ತಕ್ಷಣ ಕಿತ್ಕೊಳ್ಳೋದು. ಗುರ್ ಅಂತು ಅಂದ್ರೆ ಸರಪಳಿ ಒಂದು ಜಗ್ಗು. ಮತ್ತೆ ಇಡೋದು, ಮತ್ತೆ ಕಿತ್ಕೊಳ್ಳೋದು, ಮತ್ತೆ ಜಗ್ಗು. ಮೂರು ವಾರ ಅಷ್ಟೇ. ಆಮೇಲೆ ತುಟಿಪಿಟಕ್ ಅನ್ಲಿಲ್ಲ.”

ತುತ್ತು ಬಾಯಿಗಿಡುವಷ್ಟರಲ್ಲಿ ಎಲೆ ಎಳೆಯುವವನನ್ನು ಲೋಕ ನೀಚನೆನ್ನುತ್ತದೆ. ಹಾಗೆ ಎಳೆಸಿಕೊಂಡವನು ‘ಯಾಕಯ್ಯಾ’ ಎಂದು ಕೇಳಿದರೆ ಅದನ್ನು ಅಪರಾಧವೆಂದು ಯಾರೂ ಕರೆಯುವುದಿಲ್ಲ. ಅದೇ ಕೆಲಸವನ್ನು ನಾಲ್ಕು ಕಾಲಿನ ಜೀವಕ್ಕೆ ಮೂರು ವಾರ ಮಾಡಿ, ಅದರ ‘ಯಾಕಯ್ಯಾ’ವನ್ನು ಗಂಟಲಲ್ಲೇ ಹಿಸುಕಿ, ಆ ಹಿಸುಕಿದ್ದಕ್ಕೆ ಅಂಕ ಕೊಟ್ಟು, ಅಂಕಪಟ್ಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು! ಅನ್ಯಾಯಕ್ಕಿಂತ ಆ ಚಿನ್ನದ ಅಂಚೇ ಡಾಕ್ಟರಮ್ಮನನ್ನು ಹೆಚ್ಚು ರೇಗಿಸಿತು.

“ಬೊಗಳೋ ನಾಯಿ ಕಚ್ಚಲ್ಲ ಅಂತ ಇನ್ನೊಂದು ಗಾದೆ ಇದೆ ಮೇಷ್ಟ್ರೇ. ಹಿರಿಯರ ಮಾತು ನಂಬೋ ನೀವು ಅದನ್ನ ಯಾಕೆ ಮರೆತ್ರಿ? ಗುರ್ ಅನ್ನೋದು ಬೈಗುಳ ಅಲ್ಲ. ‘ಸ್ವಲ್ಪ ದೂರ ಇರು, ನಂಗೆ ಭಯ ಆಗ್ತಿದೆ’ ಅನ್ನೋ ಮಾತು. ಮಾತು ಬಿಡಿಸಿದ್ದು ನೀವು. ಈಗ ಮಾತಾಡ್ಲಿಲ್ಲ ಅಂತ ದೂರ್ತಿರೋದೂ ನೀವೇ.”

“ನಾಯಿಗೆ ಸಲುಗೆ ಕೊಟ್ರೆ ತಲೆ ಮೇಲೆ ಕೂರುತ್ತೆ ಮೇಡಂ.”

“ಅಲ್ಲಾರೀ, ತಲೆ ಮೇಲೆ ಕೂತಿರೋದು ಯಾರು ಅಂತ ಅದರ ಕುತ್ತಿಗೆ ನೋಡಿ ಗೊತ್ತಾಗ್ತಿಲ್ವಾ?”

“ಅತ್ತಿಗೆ.”

ಗೋಡೆಯ ಬಳಿಯಿಂದ ಬಂದ ದನಿ ತೀರ ಸಣ್ಣದಾಗಿತ್ತು. ಎಲ್ಲರೂ ತಿರುಗಿದರು.

“ಅವತ್ತು ನಂಗೆ ಒಂಥರಾ ಅನ್ನಿಸ್ತು ಅತ್ತಿಗೆ. ನಾನು ಹತ್ರ ಹೋದಾಗ ಅದು ಅಗಿಯೋದು ನಿಲ್ಲಿಸ್ತು. ಮೈಯೆಲ್ಲ ಮರದ ಥರ ಆಯ್ತು. ನಮ್ಮ ತವರಲ್ಲಿ ಒಂದು ನಾಯಿ ಇತ್ತು. ಸಿಟ್ಟು ಬಂದ್ರೆ ಬಾಲ ಕೋಲಿನ ಥರ ನೆಟ್ಟಗೆ ನಿಲ್ಲೋದು. ಅದಕ್ಕೇ ನಾನು ಇದರ ಬಾಲ ನೋಡೋಣ ಅಂತ ಹಿಂದೆ ನೋಡಿದೆ. ಅಲ್ಲಿ ಏನಿದೆ ನೋಡೋಕೆ? ಆಮೇಲೆ ಆ ಸರ್ಟಿಫಿಕೇಟ್ ನೆನಪಾಯ್ತು. ನೂರಕ್ಕೆ ನೂರು ಅಲ್ವಾ, ಏನೂ ಮಾಡಲ್ಲ ಬಿಡು ಅಂತ ಕೈ ಹಾಕ್ದೆ.”

ತಮ್ಮ, ಚಿಕ್ಕಂದಿನಲ್ಲಿ ಅಮ್ಮನ ಮುಂದೆ ಚಾಡಿ ಹೇಳುವಾಗಿನ ಅದೇ ದನಿಯಲ್ಲಿ ಕೇಳಿದ: “ಆ ಬಾಲ ಕತ್ತರಿಸಿದ್ದು ಯಾರು? ನೀನೇ ತಾನೆ ಅಕ್ಕಾ?”

ಸೀಟಿ ಮೇಷ್ಟ್ರು ನಕ್ಕರು. “ಹೊರಗಡೆ ಮಾತ್ರ ಎಂಥಾ ಬೋರ್ಡು! ‘ಇಲ್ಲಿ ಚೆಂದಕ್ಕಾಗಿ ಬಾಲ, ಕಿವಿ ಕತ್ತರಿಸುವುದಿಲ್ಲ.’ ಹೇಳೋದು ಆಚಾರ, ತಿನ್ನೋದು ಬದನೆಕಾಯಿ!”

ಆ ಬೋರ್ಡು ಬಂದದ್ದು ಮೋಟನ ಬಾಲ ಹೋದ ಒಂದು ವರ್ಷದ ಮೇಲೆ. ಡಾಕ್ಟರಮ್ಮ ಹಾಗೆಂದು ಹೇಳಿ ಪಾರಾಗಬಹುದಿತ್ತು. ಆದರೆ ಇನ್ನೊಬ್ಬರನ್ನು ಕಟಕಟೆಗೆ ಹತ್ತಿಸಿದವರು ತಮ್ಮ ಸರದಿ ಬಂದಾಗ ಹಿಂಬಾಗಿಲಿನಿಂದ ಜಾರಿಕೊಳ್ಳಬಾರದು. ಅವರಿಗೆ ಎಲ್ಲವೂ ಚೆನ್ನಾಗಿಯೇ ನೆನಪಿತ್ತು. ಹುಟ್ಟಿ ನಾಲ್ಕನೆಯ ದಿನ. ಕಣ್ಣು ಕೂಡ ತೆರೆಯದ ಮರಿ ಅಂಗೈಯಲ್ಲಿ ಬೆಚ್ಚಗಿತ್ತು. ‘ಬಾಲ ಇದ್ರೆ ಬೀದಿ ನಾಯಿ ಥರ ಕಾಣುತ್ತೆ ಅಕ್ಕಾ, ಅಷ್ಟು ಒಳ್ಳೆ ಜಾತಿದು’ ಎಂದು ತಮ್ಮ ಗೋಗರೆದಿದ್ದ. ನಾನು ಮಾಡದಿದ್ದರೆ ಮರಿ ಮಾರುವವನು ರಬ್ಬರ್ ಬ್ಯಾಂಡು ಬಿಗಿದು ಕೊಳೆಸಿ ಬೀಳಿಸುತ್ತಾನೆ, ಅದಕ್ಕಿಂತ ನನ್ನ ಕತ್ತರಿಯೇ ವಾಸಿ ಎಂದು ಅವರು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು. ಮರಿ ಒಮ್ಮೆ ಕಿರುಚಿತ್ತು. ‘ಈ ವಯಸ್ಸಿಗೆ ನೋವು ಗೊತ್ತಾಗಲ್ಲ’ ಎಂದು ಅವರು ತಮ್ಮನಿಗೆ ಹೇಳಿದ್ದರು. ಆ ಕಿರುಚಾಟವನ್ನು ಕೇಳುತ್ತಲೇ ಹೇಳಿದ್ದರು.

“ಹೌದು, ನಾನೇ,” ಎಂದರು. “ಮಾಡಬಾರದಿತ್ತು. ಯಾವ ಕಾಯಿಲೆಯೂ ಇಲ್ಲದ ಬಾಲ. ನಿನ್ನ ಕಣ್ಣಿಗೆ ಚೆಂದ ಕಾಣ್ಲಿ ಅಂತ ಕತ್ತರಿಸ್ದೆ. ನನ್ನ ಕೈ ಹಿಡಿದು ಯಾರೂ ಮಾಡಿಸ್ಲಿಲ್ಲ.”

ತಪ್ಪೊಪ್ಪಿಗೆಯನ್ನು ನಿರೀಕ್ಷಿಸದ ತಮ್ಮ ತಬ್ಬಿಬ್ಬಾದ. “ಸರಿ ಬಿಡು. ನೀನೂ ಕಳ್ಳಿ, ನಾನೂ ಕಳ್ಳ, ಮೇಷ್ಟ್ರೂ ಕಳ್ಳರು, ನಾಯಿ ಒಂದೇ ಸಾಚಾ. ಹಾಗಂತ ಇದನ್ನ ಮನೇಲಿಟ್ಟು ಪೂಜೆ ಮಾಡೋಕಾಗುತ್ತಾ? ಮೂರು ಗಂಟೆಗೆ ಕರ್ಕೊಂಡು ಹೋಗ್ತೀನಿ.”

“ಹದಿನೈದು ನಿಮಿಷ ಕೊಡು. ಅಷ್ಟು ಸಾಕು.”

ಹಿಂದಿನ ಕೋಣೆಯಲ್ಲಿ, ಶಸ್ತ್ರಚಿಕಿತ್ಸೆಯಾದ ಪ್ರಾಣಿಗಳನ್ನು ಇರಿಸುವ ಕಬ್ಬಿಣದ ಸರಳುಗಳ ಅಂಕಣವಿತ್ತು. ಉಳಿದವರೂ ಹಿಂದೆಯೇ ಬಂದು ಗೋಡೆಯ ಬದಿ ನಿಂತರು. ಡಾಕ್ಟರಮ್ಮ ಮೋಟನನ್ನು ಅದರೊಳಗೆ ಬಿಟ್ಟು, ಸರಳುಗಳ ಸಂದಿಯಿಂದ ಕೈ ಹಾಕಿ ಮೊದಲು ಸರಪಳಿಯನ್ನು, ಆಮೇಲೆ ಬಾಯಿಕುಕ್ಕೆಯನ್ನು ಬಿಚ್ಚಿದರು. ಒಳಕ್ಕೆ ಅನ್ನದ ತಟ್ಟೆ ಸರಿಸಿ ಆರು ಹೆಜ್ಜೆ ಹಿಂದೆ ಬಂದರು. ನಾಯಿ ಒಮ್ಮೆ ಮೇಷ್ಟ್ರ ಕಡೆ ನೋಡಿ ತಿನ್ನತೊಡಗಿತು.

“ಬಾಲ ಇಲ್ಲ. ಅದಕ್ಕೆ ಬಾಯಿ ನೋಡು, ಕಣ್ಣು ನೋಡು,” ಎಂದು ತಮ್ಮನ ಹೆಂಡತಿಗೆ ಹೇಳಿ, ಒಂದು ಹೆಜ್ಜೆ ಮುಂದಿಟ್ಟರು. ನಾಯಿ ಅಗಿಯುತ್ತಲೇ ಇತ್ತು. ಇನ್ನೊಂದು ಹೆಜ್ಜೆ; ಅಗಿಯುತ್ತಿತ್ತು. ಮೂರನೆಯದಕ್ಕೆ ದವಡೆ ನಿಂತಿತು, ಕಣ್ಣಂಚಿನ ಬಿಳುಪು ಕಂಡಿತು. ಡಾಕ್ಟರಮ್ಮ ಕೂಡಲೇ ಹಿಂದೆ ಸರಿದರು. ದವಡೆ ಮತ್ತೆ ಆಡಿತು.

“ನಿಂತಿತು ಅತ್ತಿಗೆ! ಅವತ್ತೂ ಹೀಗೇ ನಿಂತಿತ್ತು.”

ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಅವರು ಇನ್ನೂ ಅರ್ಧ ಹೆಜ್ಜೆ ಹತ್ತಿರ ಹೋದಾಗ ಮೋಟನ ಗಂಟಲಲ್ಲಿ ಏನೋ ಕದಲಿತು. ದನಿ ಎನ್ನಲೂ ಸಾಲದಷ್ಟು ಸಣ್ಣ ಕದಲಿಕೆ. ಮರುಕ್ಷಣವೇ ನಾಯಿ ತಟ್ಟೆಯನ್ನು ಬಿಟ್ಟು, ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಕಣ್ಣು ಮುಚ್ಚಿ, ಸರಪಳಿಯೇ ಇಲ್ಲದ ಕುತ್ತಿಗೆಯನ್ನು ಜಗ್ಗಿಗಾಗಿ ಮುಂದೊಡ್ಡಿ ಕಾಯತೊಡಗಿತು. ಅದರ ಕೆಳಗಿನಿಂದ ಉಚ್ಚೆ ಹರಿದು ಬಂತು.

“ನೋಡಿ, ನೋಡಿ!” ಎಂದರು ಮೇಷ್ಟ್ರು, ಬೆರಗಿನಿಂದ, ಸಂತೋಷದಿಂದ. “ಎರಡು ವರ್ಷ ಆಯ್ತು. ಪಾಠ ಇನ್ನೂ ಮರೆತಿಲ್ಲ!”

“ನಿಮ್ಮ ಪಾಠಕ್ಕೆ ಬೆಂಕಿ ಬೀಳ!”

ಹಾಗೆಂದವಳು ತಮ್ಮನ ಹೆಂಡತಿ. ಗೋಡೆ ಬಿಟ್ಟು ಮುಂದೆ ಬಂದಿದ್ದಳು. “ಅದು ನಂಗೆ ಹೇಳಿದ್ರೆ ನಾನು ಕೈ ಹಾಕ್ತಿರ್ಲಿಲ್ಲ. ಹೇಳೋಕೆ ಬಿಟ್ಟಿದ್ರೆ ತಾನೆ ಹೇಳೋಕೆ!” ಅನಂತರ ಗಂಡನ ಕಡೆ ತಿರುಗಿದಳು. “ಮೂರು ಗಂಟೆಗೆ ಎಲ್ಲಿಗೂ ಹೋಗೋದು ಬೇಡ ಕಣ್ರೀ. ಕಚ್ಚಿಸ್ಕೊಂಡೋಳು ನಾನು. ಬೇಡ ಅಂದ್ರೆ ಬೇಡ.”

“ಹಾಗಾದ್ರೆ ವಾಪಸ್ಸು ಮನೆಗಾ?”

“ಮನೆಗೂ ಬೇಡ,” ಎಂದಳು ಆಕೆ. “ಸುಳ್ಳು ಹೇಳಲ್ಲ. ಅದು ಎದ್ದು ನಡೆದ್ರೆ ನನ್ನ ಎದೆ ಡವಗುಟ್ಟುತ್ತೆ. ಅತ್ತಿಗೆ, ನೀವು...”

ಡಾಕ್ಟರಮ್ಮನ ಮನಸ್ಸು ತಕ್ಷಣ ನೆಪಗಳ ಮೂಟೆ ಬಿಚ್ಚಿತು: ಮನೆ ಚಿಕ್ಕದು, ಮೂರನೆಯ ಮಹಡಿ, ಮೊಣಕಾಲು ನೋವು, ಯಜಮಾನರ ಗೊಣಗಾಟ. ಒಂದೊಂದೂ ನ್ಯಾಯವಾಗಿಯೇ ಕಾಣುತ್ತಿತ್ತು. ನಾಲ್ಕು ದಿನದ ಮರಿಯನ್ನು ಅಂಗೈಯಲ್ಲಿ ಹಿಡಿದಿದ್ದಾಗಲೂ ಕಾರಣಗಳು ಇಷ್ಟೇ ನ್ಯಾಯವಾಗಿ ಕಂಡಿದ್ದವು.

“ನಾನೇ ಇಟ್ಕೋತೀನಿ,” ಎಂದರು.

“ಭಾವ ಏನಂತಾರೆ?” ಎಂದ ತಮ್ಮ.

“ಏನಂತಾರೆ, ಗೊಣಗ್ತಾರೆ. ಅವರ ತಟ್ಟೆ ಯಾರೂ ಕಿತ್ಕೊಂಡಿಲ್ಲ, ಸರಪಳಿ ಯಾರೂ ಹಾಕಿಲ್ಲ. ಹೊಟ್ಟೆ ತುಂಬಾ ಗೊಣಗ್ಲಿ. ಮೊದ್ಲು ಸೇತುವೆ ಆಚೆ ಡಾಕ್ಟರಿಗೆ ಫೋನ್ ಮಾಡು. ಇಲ್ಲೇ, ನನ್ನೆದುರಿಗೇ ಮಾಡು.”

ತಮ್ಮ ಗಡಿಯಾರ ನೋಡುತ್ತ, ನಿಟ್ಟುಸಿರು ಬಿಡುತ್ತ ಫೋನು ಹಚ್ಚಿದ. “ಸಾರ್, ಮೂರು ಗಂಟೆಗೆ ಬರಲ್ಲ... ಇಲ್ಲ ಸಾರ್, ಬೇಕಾಗಿಲ್ಲ... ಯಾಕೆ ಅಂದ್ರೆ...” ಅವನು ಅಕ್ಕನನ್ನೂ ಹೆಂಡತಿಯನ್ನೂ ನೋಡಿದ. “ಅದು ತಾನಾಗೇ ಸತ್ತುಹೋಯ್ತು ಸಾರ್.”

ಹೆಂಡತಿ ಹಣೆ ಚಚ್ಚಿಕೊಂಡಳು. ಒಂದು ತಪ್ಪನ್ನು ತನ್ನದೆಂದು ಹೇಳುವುದಕ್ಕಿಂತ ಬದುಕಿರುವ ಜೀವವನ್ನು ಸತ್ತಿತೆನ್ನುವುದೇ ಮನುಷ್ಯನಿಗೆ ಸಲೀಸಾದರೆ ಅವನಿಗೆ ಯಾವ ಶಾಲೆಯಲ್ಲಿ ಏನು ಕಲಿಸುವುದು! ಡಾಕ್ಟರಮ್ಮ ಅವನ ಕೈಯಿಂದ ಫೋನು ಕಿತ್ತುಕೊಂಡರು. ವೃತ್ತಿಬಾಂಧವನ ಮುಂದೆ ಈ ಮಾತು ಆಡಬೇಕಾಗಿ ಬಂದದ್ದಕ್ಕೆ ಅವರ ಕಿವಿ ಬಿಸಿಯಾಗಿತ್ತು.

“ಸತ್ತಿಲ್ಲ ಡಾಕ್ಟ್ರೇ, ನಾನು ಇವನ ಅಕ್ಕ. ನಾಯಿ ನನ್ನ ಹತ್ರಾನೇ ಇದೆ. ಇದರ ಬಾಲ ಕತ್ತರಿಸಿದೋಳು ನಾನು, ಚೆಂದಕ್ಕೆ. ಇನ್ಮೇಲೆ ನೋಡ್ಕೊಳ್ಳೋಳೂ ನಾನೇ.”

ಆ ಕಡೆಯಿಂದ ಏನು ಉತ್ತರ ಬರುತ್ತದೆಂದು ಕಾಯದೆ ಅವರು ಫೋನನ್ನು ತಮ್ಮನಿಗೆ ಹಿಂದಿರುಗಿಸಿ, ನೆಲ ಒರೆಸುವ ಬಟ್ಟೆಯನ್ನು ಅವನ ಇನ್ನೊಂದು ಕೈಗಿಟ್ಟರು.