ಹತ್ತು ಗಂಟೆಗೆ ಏಳುವ ಕೈ

ಮನೆಯವರೆಲ್ಲ ಅವಳನ್ನು ಮೊಲ ಎಂದೇ ಕರೆಯುತ್ತಿದ್ದರು. ಚಿಕ್ಕಂದಿನಲ್ಲಿ ಮುಂದಿನ ಎರಡು ಹಲ್ಲು ತುಟಿ ದಾಟಿ ಇಣುಕುತ್ತಿದ್ದುದರಿಂದ ಅಂಟಿಕೊಂಡ ಹೆಸರು. ಈಗ ಇಪ್ಪತ್ತೇಳರ ಮೊಲಕ್ಕೆ ಆ ಎರಡರಲ್ಲಿ ಒಂದು ಮಾತ್ರ ಸ್ವಂತದ್ದು. ಇನ್ನೊಂದು ನಾಲ್ಕು ವರ್ಷದ ಹಿಂದೆ ಒಂದು ಬೆಳಗ್ಗೆ ಬಚ್ಚಲುಮನೆಯ ಕಟ್ಟೆಗೆ ಬಡಿದು ಮುರಿದಿತ್ತು. ಅದರ ಜಾಗದಲ್ಲಿದ್ದದ್ದು ಅವಳೇ ಕೆತ್ತಿ, ಬಣ್ಣ ಹೊಂದಿಸಿ ಮಾಡಿಕೊಂಡ ಹಲ್ಲು. ಯಾವುದು ಹುಟ್ಟಿದ್ದು, ಯಾವುದು ಕಟ್ಟಿದ್ದು ಎಂದು ಅವಳ ಅಪ್ಪನಿಗೂ ಒಂದೇ ನೋಟಕ್ಕೆ ಹೇಳಲಾಗುತ್ತಿರಲಿಲ್ಲ. ಅಪ್ಪ ನಲವತ್ತು ವರ್ಷದಿಂದ ಹಲ್ಲಿನ ಸೆಟ್ಟು ಕಟ್ಟುತ್ತಿದ್ದವರು. ಕೆಲಸದಲ್ಲಿ ಮಗಳು ತಮ್ಮನ್ನು ಮೀರಿಸಿದ್ದಾಳೆಂದು ಎದುರಿಗೆ ಹೇಳದೆ ಬೇರೆಯವರ ಮುಂದೆಲ್ಲ ಹೇಳುತ್ತಿದ್ದರು.

ಅವಳಿಗೆ ಫಿಟ್ಸ್ ಶುರುವಾದದ್ದು ಹದಿನಾರರಲ್ಲಿ. ಬರುವುದು ಬೆಳಗ್ಗೆಯೇ, ಎದ್ದ ಒಂದು ಗಂಟೆಯೊಳಗೆ. ಹನ್ನೊಂದು ವರ್ಷದಲ್ಲಿ ಒಂದು ಹೊತ್ತಿನ ಮಾತ್ರೆಯನ್ನೂ ಅವಳು ತಪ್ಪಿಸಿರಲಿಲ್ಲ. ಉದ್ದ ಪುಸ್ತಕವೊಂದಕ್ಕೆ ಗೆರೆ ಹೊಡೆದು, ಎದ್ದ ಸಮಯ, ಬಿದ್ದ ಸಮಯ, ಎಷ್ಟು ನಿಮಿಷ, ಹಿಂದಿನ ರಾತ್ರಿಯ ನಿದ್ದೆ, ಮಾತ್ರೆಯ ಪ್ರಮಾಣ ಎಲ್ಲವನ್ನೂ ಬರೆದಿಡುತ್ತಿದ್ದಳು. ಈವರೆಗೆ ಇನ್ನೂರ ಮೂವತ್ತೆಂಟು ಸಲ. ಇದೆಲ್ಲ ಎಲ್ಲಿಂದ ಬಂತು ಎಂಬುದಕ್ಕೆ ಅಪ್ಪನ ಬಳಿ ಸಿದ್ಧ ಉತ್ತರವಿತ್ತು: ಅಮ್ಮನ ಅಣ್ಣ ಒಮ್ಮೆ ಬಸ್ಸಿನ ಸಾಲಿನಲ್ಲಿ ತಲೆಸುತ್ತಿ ಬಿದ್ದಿದ್ದರಲ್ಲ, ಅವರಿಂದ. ಅಮ್ಮ ಇದಕ್ಕೆ ಉತ್ತರ ಕೊಡುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಕಳೆದ ವಾರ ಆಗಬಾರದ್ದು ಆಯಿತು. ಅವರು ಹಲ್ಲು ಕಟ್ಟುವ ಕೋಣೆಯಲ್ಲಿ ಅಪ್ಪ ಮಾಡಿಟ್ಟ ಒಂದು ಕಟ್ಟುನಿಟ್ಟಿನ ನಿಯಮವಿತ್ತು: ಹತ್ತು ಗಂಟೆಗೆ ಮುಂಚೆ ಯಾರೂ ಮೇಣದಲ್ಲಿ ಹಲ್ಲು ಕೆತ್ತುವ ಚಾಕು ಮುಟ್ಟುವಂತಿಲ್ಲ. ಅಷ್ಟು ಹೊತ್ತು ಪ್ಲಾಸ್ಟರ್ ಕಲಸುವುದು, ಅಚ್ಚು ಎರೆಯುವುದು, ಇಂಥ ಒರಟು ಕೆಲಸ. “ಕೈ ಇನ್ನೂ ಎದ್ದಿಲ್ಲ” ಎಂಬುದು ಅಲ್ಲಿಯ ಮಾತು. ಚಮಚ ಜಾರಿದರೂ ಅದೇ ಮಾತು, ಬಟ್ಟಲು ಬಿದ್ದರೂ ಅದೇ ಮಾತು, ಮೇಲೊಂದು ನಗು. ಆ ದಿನ ಮಾತ್ರ ತುರ್ತು ಸೆಟ್ಟೊಂದಿತ್ತು. ಮೊಲ ನಿದ್ದೆಗೆಟ್ಟು ಏಳಕ್ಕೇ ಬಂದು ಮೇಣ ಕಾಯಿಸುವ ದೀಪ ಹಚ್ಚಿದಳು. ಎಚ್ಚರವಾದಾಗ ನೆಲದ ಮೇಲಿದ್ದಳು. ಬಲ ತೋಳು ಸುಟ್ಟು ಬೊಬ್ಬೆ ಎದ್ದಿತ್ತು, ಅಮ್ಮ ಬಿಂದಿಗೆ ಹಿಡಿದು ನಿಂತಿದ್ದಳು.

“ಸಾಕು,” ಎಂದಿದ್ದರು ಅಪ್ಪ. “ಹೊಸ ಡಾಕ್ಟ್ರು ಏನಾದ್ರೂ ದಾರಿ ತೋರಿಸಿದ್ರೆ ಸರಿ. ಇಲ್ದಿದ್ರೆ ಇನ್ಮೇಲೆ ನಿನಗೆ ಆ ಕೋಣೆ ಇಲ್ಲ.”

ಹಾಗಾಗಿ ಈಗ ಮೂವರೂ ಹೊಸ ವೈದ್ಯೆಯ ಮುಂದೆ ಕೂತಿದ್ದರು. ಬೆಳಗ್ಗೆಯೇ ಮೊಲದ ತಲೆಗೆ ತಂತಿಗಳನ್ನು ಅಂಟಿಸಿ ಮೆದುಳಿನ ಅಲೆಗಳ ಪರೀಕ್ಷೆ ಮಾಡಿದ್ದರು. ಕೂದಲಲ್ಲಿ ಅಂಟು ಇನ್ನೂ ಹಾಗೇ ಇತ್ತು. ವೈದ್ಯೆ ಅವಳ ಪುಸ್ತಕವನ್ನು ಮೊದಲ ಪುಟದಿಂದ ಓದಿದರು. ಅವಳಿಗೆ ಹೆಮ್ಮೆಯೇ ಆಯಿತು. ಹಳೆಯ ಡಾಕ್ಟರು ಅದನ್ನು ತೂಕ ನೋಡಿದ ಹಾಗೆ ಎತ್ತಿ, ಹಾಗೇ ಕೆಳಗಿಟ್ಟಿದ್ದರು.

“ತುಂಬ ಚೆನ್ನಾಗಿ ಬರೆದಿದ್ದೀರ,” ಎಂದರು ವೈದ್ಯೆ. “ಒಂದು ವಿಷಯ ಇಲ್ಲಿ ಕಾಣಲ್ಲ. ಬೆಳಗ್ಗೆ ಎದ್ದಮೇಲೆ ಕೈಯಲ್ಲಿರೋ ವಸ್ತು ತಾನಾಗಿ ಹಾರಿ ಬೀಳೋದುಂಟಾ? ಬ್ರಶ್ಶು, ಬಾಚಣಿಗೆ, ಲೋಟ?”

ಮೂವರೂ ಒಟ್ಟಿಗೆ ನಕ್ಕುಬಿಟ್ಟರು.

“ನಮ್ಮನೇಲಿ ಗಾಜಿನ ಲೋಟ ಇಡೋದು ಬಿಟ್ಟೇ ಎಷ್ಟೋ ವರ್ಷ ಆಯ್ತು ಡಾಕ್ಟ್ರೇ,” ಎಂದಳು ಅಮ್ಮ. “ಇವಳು ಹಲ್ಲುಜ್ಜೋವಾಗ ಪಕ್ಕದಲ್ಲಿ ನಿಂತ್ರೆ ನಮಗೇ ಸ್ನಾನ.”

“ಅದು ಕಾಯಿಲೆ ಅಲ್ಲ ಬಿಡಿ,” ಎಂದರು ಅಪ್ಪ. “ಕೈ ಎದ್ದಿರಲ್ಲ, ಅಷ್ಟೆ. ನಮ್ಮ ಕಸುಬಿನವರಿಗೆ ಹಾಗೇ. ಹತ್ತರ ಮೇಲೆ ನೋಡಿ ಅವಳ ಕೈನ, ಕೂದಲೆಳೆಯಷ್ಟೂ ಅಲ್ಲಾಡಲ್ಲ.”

“ನಿಮ್ಮ ಕಸುಬಿನವರಿಗೆ ಅಂದ್ರೆ? ಯಾರ್ಯಾರಿಗೆ?”

“ನನಗೂ ಇದೆಯಲ್ಲ! ಹುಡುಗನಾಗಿದ್ದಾಗಿಂದ್ಲೂ. ಬೆಳಗ್ಗೆ ಬೆಳಗ್ಗೆ ಭುಜ ಹೀಗೆ...” ಎಂದು ಅಪ್ಪ ಬಲಗೈಯನ್ನು ಯಾರೋ ಹಿಂದಿನಿಂದ ದಾರ ಕಟ್ಟಿ ಎಳೆದ ಹಾಗೆ ಚಕ್ಕನೆ ಮೇಲಕ್ಕೆಸೆದು ತೋರಿಸಿದರು. “ಈ ಹತ್ತು ಗಂಟೆಯ ನಿಯಮ ನಾನು ಸುಮ್ನೆ ಮಾಡಿದ್ದಾ?”

ವೈದ್ಯೆ ನಗಲಿಲ್ಲ. ಪೆನ್ನು ಕೆಳಗಿಟ್ಟರು.

“ಕೋಣೆಯಲ್ಲಿ ಬೇರೆ ಕೆಲಸದವರೂ ಇದ್ದಾರಾ?”

“ಇಬ್ಬರಿದ್ದಾರೆ.”

“ಅವರ ಕೈ?”

ಮೊಲ ಆ ಇಬ್ಬರನ್ನು ಕಣ್ಮುಂದೆ ತಂದುಕೊಂಡಳು. ಎಂಟು ಗಂಟೆಗೆ ಒಬ್ಬ ತುಂಬಿದ ಟೀ ಲೋಟ ಹಿಡಿದು ಮೆಟ್ಟಿಲು ಹತ್ತಿ ಬರುತ್ತಾನೆ, ಒಂದು ಹನಿಯೂ ತುಳುಕುವುದಿಲ್ಲ. ಇನ್ನೊಬ್ಬ ಬರುವ ಮುಂಚೆಯೇ ಮನೆಯಲ್ಲಿ ಗಡ್ಡ ಹೆರೆದುಕೊಂಡಿರುತ್ತಾನೆ, ಕೆನ್ನೆಯ ಮೇಲೆ ಒಂದು ಗೀರೂ ಇರುವುದಿಲ್ಲ. ಚಮಚ ಹಾರುತ್ತಿದ್ದದ್ದು ಎರಡೇ ಕೈಯಿಂದ, ಅಪ್ಪನದು ಮತ್ತು ತನ್ನದು. ಉಳಿದವರು ನಗುತ್ತಿದ್ದರು, ಅಷ್ಟೆ.

“ಇದನ್ನ ಹಳೇ ಡಾಕ್ಟ್ರಿಗೆ ಹೇಳಿರಲಿಲ್ವಾ?”

“ಅವರು ಕೇಳಲಿಲ್ಲ,” ಎಂದಳು ಮೊಲ. ತನ್ನ ದನಿ ಎಲ್ಲೋ ದೂರದಿಂದ ಬಂದ ಹಾಗೆ ಕೇಳಿಸಿತು. “ನಾನು... ಇದು ಕೆಲಸದ್ದು ಅಂದ್ಕೊಂಡಿದ್ದೆ.”

ವೈದ್ಯೆ ಕಾಗದ ತಿರುಗಿಸಿ ಅಲೆಗಳನ್ನು ತೋರಿಸಿದರು. ಸಮನಾಗಿ ಹರಿಯುತ್ತಿದ್ದ ಗೆರೆಗಳು ಒಂದೆಡೆ ಎಲ್ಲವೂ ಒಮ್ಮೆಗೇ ಮುಳ್ಳಿನಂತೆ ಎದ್ದಿದ್ದವು. ಆ ಕೈಯ ಹಾರುವಿಕೆಯೂ ಒಂದು ಚಿಕ್ಕ ಫಿಟ್ಸೇ ಎಂದರು. ದೊಡ್ಡದು ಬರುವುದು ಅದರ ಬೆನ್ನಿಗೇ. ಇವೆರಡೂ ಸೇರಿದರೆ ಕಾಯಿಲೆಯ ಬಗೆಯೇ ಬೇರೆ. ಆಮೇಲೆ, ಮಾತನ್ನು ತೂಗಿ ತೂಗಿ ಹೇಳಿದರು:

“ನೀವು ತಗೊಳ್ತಿರೋ ಮಾತ್ರೆ ಕೆಟ್ಟದ್ದಲ್ಲ. ಬೇರೆ ಬಗೆಯ ಫಿಟ್ಸ್‌ಗೆ ಒಳ್ಳೇ ಔಷಧಿ. ಆದ್ರೆ ನಿಮ್ಮ ಬಗೆಯವರಲ್ಲಿ ಎಷ್ಟೋ ಜನಕ್ಕೆ ಅದು ಫಿಟ್ಸನ್ನ ಹತೋಟಿಗೆ ತರಲ್ಲ. ಕೆರಳಿಸುತ್ತೆ.”

ಮೊಲ ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. ಮೂರನೆಯ ವರ್ಷ ಪ್ರಮಾಣ ಹೆಚ್ಚಿಸಿದ್ದರು. ಅದಾದ ಮೇಲೆ ತಿಂಗಳಿಗೆ ಒಂದು ಇದ್ದದ್ದು ಎರಡಾಗಿತ್ತು. ಆರನೆಯ ವರ್ಷ ಮತ್ತೆ ಹೆಚ್ಚಿಸಿದ್ದರು. ಹಲ್ಲು ಮುರಿದದ್ದು ಅದಾದ ಮೇಲೆ. ಕಾಯಿಲೆ ಮುಂದೆ ಓಡುತ್ತಿದೆ, ಮಾತ್ರೆ ಪಾಪ ಹಿಂದಿನಿಂದ ಅಟ್ಟಿಸಿಕೊಂಡು ಹೋಗುತ್ತಿದೆ ಎಂದೇ ಅವಳು ಎಣಿಸಿದ್ದಳು. ಎಲ್ಲವೂ ಅವಳ ಅಕ್ಷರದಲ್ಲೇ ಇತ್ತು. ಹನ್ನೊಂದು ವರ್ಷ ಅವಳೇ ಬರೆದು, ಅವಳೇ ಓದಿರಲಿಲ್ಲ.

“ಇದರಲ್ಲಿ ಎಷ್ಟು ಕಾಯಿಲೆಯವು, ಎಷ್ಟು ಮಾತ್ರೆಯವು?” ಎಂದು ಕೇಳಿದಳು.

“ಹಾಗೆ ಬಿಡಿಸಿ ಹೇಳಕ್ಕಾಗಲ್ಲ.”

“ಅಂದಾಜು?”

“ಸುಳ್ಳು ಹೇಳಿದ ಹಾಗಾಗುತ್ತೆ. ಬೇಡ.” ವೈದ್ಯೆ ಹೊಸ ಚೀಟಿ ಬರೆಯತೊಡಗಿದರು. ಹಳೆಯದನ್ನು ಒಮ್ಮೆಗೇ ನಿಲ್ಲಿಸಬಾರದು, ಅದು ಇನ್ನೂ ಅಪಾಯ. ಹೊಸದು ಸ್ವಲ್ಪ ಸ್ವಲ್ಪವೇ ಏರಬೇಕು, ಹಳೆಯದು ಸ್ವಲ್ಪ ಸ್ವಲ್ಪವೇ ಇಳಿಯಬೇಕು. ನಿದ್ದೆಗೆಡಬಾರದು. ಬೆಳಗಿನ ಹೊತ್ತು ಬೆಂಕಿಯ ಹತ್ತಿರ ಹೋಗಬಾರದು. “ಕೆಲಸ ಬಿಡಿ ಅಂತ ನಾನು ಬರೆಯಲ್ಲ,” ಎಂದು ಅಪ್ಪನ ಕಡೆ ತಿರುಗಿದರು. “ನಿಮ್ಮನ್ನೂ ಪರೀಕ್ಷೆ ಮಾಡ್ಬೇಕು. ಅಲ್ಲೀವರೆಗೆ ಬೆಂಕಿಯ ಮಾತು ನಿಮಗೂ ಅನ್ವಯಿಸುತ್ತೆ.”

ಅಪ್ಪ ತಮ್ಮ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಯಾರದೋ ಕೈಯೆಂಬಂತೆ ನೋಡುತ್ತಿದ್ದರು.

“ಹಾಗಾದ್ರೆ,” ಎಂದಳು ಅಮ್ಮ ಮೆಲ್ಲಗೆ, “ನಮ್ಮಣ್ಣ ಸುಮ್ನೆ ಬಿಸಿಲಿಗೆ ತಲೆಸುತ್ತಿ ಬಿದ್ದಿದ್ದ.”

ಕೆಳಗಿನ ಔಷಧಿ ಅಂಗಡಿಯಲ್ಲಿ ಸಾಲು ಉದ್ದವಿತ್ತು. ಅಪ್ಪ ಮಗಳ ಕಡೆ ತಿರುಗಿದರು. “ನಾಳೆಯಿಂದ ಕೋಣೆಗೆ ಬಾ,” ಎಂದರು. “ಹತ್ತಕ್ಕೆ. ನಾನೂ ಹತ್ತಕ್ಕೇ ಬರ್ತೀನಿ.”

“ಇಬ್ಬರೂ ಯಾವಾಗ ಬೇಕಾದ್ರೂ ಬನ್ನಿ,” ಎಂದಳು ಅಮ್ಮ. “ಬೆಂಕಿಪೊಟ್ಟಣ ಹತ್ತರವರೆಗೆ ನನ್ನ ಸೊಂಟದಲ್ಲಿರುತ್ತೆ.”

ಒಂದು ವಾರದಿಂದ ಮೊಲ ಊಟ ಬಿಟ್ಟು ಕಾದದ್ದು ಅಪ್ಪನ ಈ ಒಂದು ಮಾತಿಗೆ. ಈಗ ಅದು ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ಅಂಗಡಿಯವನು ಹೊಸ ಮಾತ್ರೆಯ ಪಟ್ಟಿಯನ್ನು ಮುಂದೆ ಚಾಚಿದ. ಅವಳ ಕೈ ಮೇಲೇಳಲಿಲ್ಲ.

“ಇದು ಯಾವ ಬಗೆಯ ಫಿಟ್ಸ್‌ಗೆ?” ಎಂದು ಕೇಳಿದಳು.

“ಡಾಕ್ಟ್ರೇ ಬರೆದಿದ್ದಾರಲ್ಲಮ್ಮ.”

“ಹಿಂದಿನದನ್ನೂ ಡಾಕ್ಟ್ರೇ ಬರೆದಿದ್ದು.”

ಸಾಲಿನಲ್ಲಿ ಹಿಂದೆ ನಿಂತವರು ಗೊಣಗಿದರು. ಮೊಲ ಪಟ್ಟಿಯನ್ನು ಅಲ್ಲೇ ಬಿಟ್ಟು ಸಾಲಿನಿಂದ ಆಚೆ ಬಂದಳು, ಮೆಟ್ಟಿಲು ಹತ್ತಿದಳು, ಒಳಗೆ ಬೇರೆ ರೋಗಿಯಿದ್ದದ್ದನ್ನೂ ಲೆಕ್ಕಿಸದೆ ವೈದ್ಯೆಯ ಕೋಣೆಯ ಬಾಗಿಲು ತಳ್ಳಿದಳು.

“ಈ ಹೊಸ ಮಾತ್ರೆ ನನ್ನನ್ನ ಕೆರಳಿಸಿದ್ರೆ,” ಎಂದಳು, “ಎಷ್ಟು ದಿನದೊಳಗೆ ಗೊತ್ತಾಗುತ್ತೆ? ಯಾವುದನ್ನ ನೋಡ್ಕೋಬೇಕು? ಯಾವಾಗ ನಾನು ಸಾಕು ಅನ್ನಬೇಕು?”

ಹಿಂದೆಯೇ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ ಅಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತರು. ಅವಳನ್ನು ಕರೆದೊಯ್ಯಲಿಲ್ಲ. ಉತ್ತರಕ್ಕೆ ಅವರೂ ಕಾದರು.