ಕಪ್ಪೆಯ ಹೊಟ್ಟೆಯಲ್ಲಿ ಅಪ್ಪ

ಮತ್ತೆ ಆ ಕಪ್ಪೆ, ಬಾಯಿ ತೆರೆದು ಕೂತ ಹಸಿರು ಕಪ್ಪೆ, ಅದರ ಬಾಯೊಳಗೆ ಕತ್ತಲು, ಕತ್ತಲೊಳಗೆ ಬಿಸ್ಕತ್ತಿನ ಕಾಗದ ಚರಚರ ಎಂದು ಬಿದ್ದ ಸದ್ದು, ಆ ಸದ್ದಿಗೆ ಮಗಳು ನಕ್ಕ ನಗು — ಇಷ್ಟು ದೊಡ್ಡ ಪಾರ್ಕಿನಲ್ಲಿ, ಆಕಾಶ ಮುಟ್ಟುವ ಜೈಂಟ್ ವೀಲ್ ಇರುವಾಗ, ಸುರಂಗಕ್ಕೆ ಕೂಗುತ್ತ ನುಗ್ಗುವ ಪುಟಾಣಿ ರೈಲು ಇರುವಾಗ, ಆನೆಯ ಸೊಂಡಿಲಿನ ಜಾರುಬಂಡಿ ಇರುವಾಗ, ಇವಳಿಗೆ ಬೇಕಾದದ್ದು ಕಸದ ತೊಟ್ಟಿ, ಇವನಿಗೆ ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ, ಹಡಗಿನ ಅಡಿಗೆಮನೆಯಲ್ಲಿ ತಿಂಗಳುಗಟ್ಟಲೆ ಈರುಳ್ಳಿ ಹೆಚ್ಚಿ ಹೆಚ್ಚಿ ಕಣ್ಣೀರೆಲ್ಲ ಖರ್ಚಾಗಿದೆ, ಅಳುವುದಕ್ಕೆ ಉಳಿದಿರುವುದೂ ಸ್ವಲ್ಪವೇ, ಸರಿ, ಕಸದ ತೊಟ್ಟಿಯಾದರೆ ಕಸದ ತೊಟ್ಟಿ, ನಿಲ್ಲೋಣ, ಆದರೆ ಮಾಮ ಅನ್ನಿಸಿಕೊಂಡು ನಿಲ್ಲಬೇಕಲ್ಲ — ಮಾಮ, ಇನ್ನೊಂದು ಕಸ ಕೊಡು, ಅನ್ನುತ್ತಾಳೆ, ಮೀಸೆ ಇದ್ದವರೆಲ್ಲ ಅವಳಿಗೆ ಮಾಮ, ಹಾಲಿನವನು ಮಾಮ, ನಲ್ಲಿ ರಿಪೇರಿಗೆ ಬಂದವನು ಮಾಮ, ಹೆತ್ತ ಅಪ್ಪನೂ ಮಾಮ, ಮೀಸೆ ಬೋಳಿಸಿಬಿಡಲೇ ಅಂದರೆ ಹೆಂಡತಿ, ಬೇಡ ರೀ, ಆಮೇಲೆ ಫೋನಲ್ಲಿರೋ ಅಪ್ಪನೂ ಕೈಬಿಟ್ಟು ಹೋಗ್ತಾನೆ, ಅಂದಳು, ನಕ್ಕೇ ಅಂದಳು, ಇವನಿಗೆ ಮಾತ್ರ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಕೂತಿತು.

ಫೋನಲ್ಲಿರುವ ಅಪ್ಪ, ಎಲ್ಲಕ್ಕೂ ಮೂಲ ಅವನೇ, ಮಗು ಅಂಬೆಗಾಲಿಡುತ್ತಿದ್ದಾಗ ಇವನು ಹಡಗು ಹತ್ತಿದ, ಆಮೇಲೆ ದಿನಾ ಸಂಜೆ ಅತ್ತೆ ತಮ್ಮ ಕೆಂಪು ಕವಚದ ಹಳೇ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಅಪ್ಪ ಬಂದ ನೋಡು, ಅಪ್ಪಂಗೊಂದು ಮುತ್ತು ಕೊಡು ಪುಟ್ಟಾ, ಅಂದರು, ಅವಳು ಗಾಜಿಗೆ ಕೊಟ್ಟಳು, ಇವನು ಸಮುದ್ರದ ನಡುವೆ ಈರುಳ್ಳಿ ಮೂಟೆಯ ಮೇಲೆ ಕೂತು ಮತ್ತೊಂದು ಗಾಜಿನ ಮೇಲೆ ಇಸಿದುಕೊಂಡ, ಇಬ್ಬರೂ ಸುಖವಾಗಿದ್ದರು, ಆದರೆ ಊರಿಗೆ ಬಂದು ಬಾಗಿಲಲ್ಲಿ ಪೆಟ್ಟಿಗೆ ಇಳಿಸಿ ಕೈ ಚಾಚಿದಾಗ ಅವಳು ಓಡಿದ್ದು ಸಕ್ಕರೆ ಡಬ್ಬಿಯ ಕಡೆಗೆ, ಅಲ್ಲಿಗೆ ತಿಳಿಯಿತು, ಅಪ್ಪ ಎಂದರೆ ಅಂಗೈಯಗಲದ, ಕೆಂಪು ಅಂಚಿನ, ಮಲಗುವ ಮುಂಚೆ ಚಾರ್ಜಿಗೆ ಹಾಕುವ ಒಂದು ಸಾಮಾನು, ಬಂದವನು ಯಾರೋ ಮಾಮ, ಒಳ್ಳೆಯವನೇ, ಉಂಡು ಹೋಗಲಿ — ಹೋಗುತ್ತಾನೆ, ಬರುವ ವಾರ ಹಡಗು ಕಾಯುತ್ತಿದೆ, ಅಷ್ಟರೊಳಗೆ ಒಂದೇ ಒಂದು ಸಲ, ಗಾಜಿಲ್ಲದ ಈ ಮುಖ ನೋಡಿ ಅಪ್ಪ ಅಂದುಬಿಟ್ಟರೆ ಸಾಕು, ಅದನ್ನು ಉಪ್ಪಿನಕಾಯಿಯ ಹಾಗೆ ಭದ್ರವಾಗಿಟ್ಟುಕೊಂಡು ವರ್ಷವಿಡೀ ನೆಂಚಿಕೊಂಡೇನು, ಅದಕ್ಕಾಗಿಯೇ ಈ ಪಾರ್ಕು, ಅದಕ್ಕಾಗಿಯೇ ಹೆಂಡತಿ ಆಸ್ಪತ್ರೆಯ ಡ್ಯೂಟಿಗೆ ಹೊರಡುತ್ತ, ನೀವಿಬ್ಬರೇ ಹೋಗಿ ಬನ್ನಿ, ನಾನಿದ್ರೆ ಅವಳು ನನ್ನ ಸೊಂಟ ಬಿಟ್ಟು ಇಳಿಯಲ್ಲ, ಅಂದದ್ದು, ಚೀಲಕ್ಕೆ ಎರಡು ಜೊತೆ ಬಟ್ಟೆ, ಬೇಯಿಸಿದ ಮೊಟ್ಟೆ, ಟೋಪಿ, ಕೊನೆಗೆ ಆ ಕೆಂಪು ಫೋನು — ತೀರಾ ಹಟ ಮಾಡಿದ್ರೆ ಮಾತ್ರ ಕೊಡಿ — ತನ್ನ ಸವತಿಯನ್ನು ತಾನೇ ಚೀಲದಲ್ಲಿ ಹೊತ್ತುಕೊಂಡು ಬಂದಂತಾಯಿತು, ಗಂಡಸಿಗೆ ಸವತಿ ಇರಬಹುದೇ, ಇದ್ದಾಳೆ, ಜಿಪ್ಪಿನೊಳಗೆ ಬೆಚ್ಚಗೆ ಮಲಗಿದ್ದಾಳೆ.

ಮೊದಲು ಹತ್ತಿದ್ದು ಗಿರಗಿರ ತಿರುಗುವ ಚಹಾ ಕಪ್ಪು, ಮಗು ಹೆದರುತ್ತದೆ, ಹೆದರಿದರೆ ತಬ್ಬಿಕೊಳ್ಳುತ್ತದೆ, ತಬ್ಬಿಕೊಂಡರೆ ಅಪ್ಪ ಅನ್ನುತ್ತದೆ ಎಂದು ಲೆಕ್ಕ, ಲೆಕ್ಕ ಒಳ್ಳೆಯದೇ, ಆದರೆ ಅಲೆ ಎದ್ದಾಗ ಪಾತ್ರೆಗಳಿಗೆ ಕಂಬಿ ಬಿಗಿದು, ಒಂದು ಕಾಲನ್ನು ಗೋಡೆಗೆ ಒತ್ತಿ, ಸೂಪು ತುಳುಕದ ಹಾಗೆ ಕಲಕಿದ ಈ ಶೂರನಿಗೆ ನೆಲದ ಮೇಲಿನ ಚಹಾ ಕಪ್ಪಿನಲ್ಲಿ ತಲೆ ಗಿರ್ರೆಂದು ಹೊಟ್ಟೆ ಬಾಯಿಗೆ ಬಂತು, ಮಗಳು ನ್ಯಾಯಾಧೀಶರ ಹಾಗೆ ನೆಟ್ಟಗೆ ಕೂತಿದ್ದಳು, ಇಳಿದ ಮೇಲೆ ಇವನೇ ಅವಳ ಹೆಗಲು ಹಿಡಿದು ನಿಂತ, ಪಾಪ ಮಾಮ, ಅಂದಳು — ಆಮೇಲೆ ಮೊಲದ ವೇಷದವನು ಕೈಕುಲುಕಲು ಬಂದ, ಮೊಲದ ಮೊಣಕಾಲಿಗೆ ಒಂದು ಬಿಟ್ಟಳು, ಮೊಲದೊಳಗಿಂದ ಅಮ್ಮಾ ಎಂಬ ಗಂಡಸಿನ ದನಿ ಬಂತು, ರೈಲಿನಲ್ಲಿ ನಿದ್ದೆ ಮಾಡಿದಳು, ಆನೆಗೆ ಬೆನ್ನು ತಿರುಗಿಸಿದಳು, ಕೊನೆಗೆ ನೆರಳಲ್ಲಿ ಕೂರಿಸಿ ಮೊಟ್ಟೆ ಸುಲಿದು ಕೊಟ್ಟ, ಕ್ಯಾಪ್ಟನ್‌ನಿಂದ ಹಿಡಿದು ಇಂಜಿನ್ ರೂಮಿನವರ ತನಕ ತಟ್ಟೆ ನೆಕ್ಕಿ ಕೊಡುವ ಹಾಗೆ ಬಡಿಸಿದ ಕೈ ಇದು, ಅವಳು ಇಸಿದುಕೊಂಡಳು, ಇಸಿದುಕೊಂಡದ್ದೇ ದೊಡ್ಡದು, ಎದ್ದಳು, ನಡೆದಳು, ಕಪ್ಪೆಗೆ ತಿನ್ನಿಸಿದಳು — ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ, ಇಲ್ಲಿ ಬಾಯಿಗೇನೋ ಬಂತು, ಬಾಯಿ ಕಪ್ಪೆಯದಾಗಿತ್ತು, ಆಗ ಶುರುವಾದದ್ದು, ಈಗಲೂ ಮುಗಿದಿಲ್ಲ, ಮೊಟ್ಟೆಯ ಸಿಪ್ಪೆ, ಬಿಸ್ಕತ್ತಿನ ಕಾಗದ, ಪಾರ್ಕಿನ ನಕ್ಷೆ, ಟೋಪಿ — ಟೋಪಿಯನ್ನು ಹಾರಿ ಹಿಡಿದ — ಆ ತೆರೆದ ಬಾಯಿ ಮಾತ್ರ ಯಾವುದಕ್ಕೂ ಬೇಡ ಅನ್ನುವುದಿಲ್ಲ, ಅದರ ಸಹನೆಯಲ್ಲಿ ಕಾಲು ಭಾಗ ತನಗಿದ್ದಿದ್ದರೆ ಸಾಕಿತ್ತು, ಬಾ ಪುಟ್ಟಾ, ಜೋಕಾಲಿ ಆಡೋಣ, ಎಂದು ಎತ್ತಿಕೊಂಡದ್ದೇ ತಪ್ಪು, ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿದಳು, ಪಾರ್ಕಿನ ಪಾರ್ಕೇ ತಿರುಗಿ ನೋಡುವ ಹಾಗೆ ಚೀರಿದಳು, ಜನ ಇವನನ್ನು ಮಗು ಕದಿಯುವವನನ್ನು ನೋಡುವ ಹಾಗೆ ನೋಡಿದರು, ಒಬ್ಬಾಕೆಯಂತೂ ಹತ್ತಿರ ಬಂದು, ಇವರು ನಿನಗೇನಾಗಬೇಕು ಮರಿ, ಎಂದು ಕೇಳಿದಳು, ಮಗಳು ಬಿಕ್ಕುತ್ತ ಸತ್ಯವನ್ನೇ ಹೇಳಿದಳು, ಮಾಮ, ಸದ್ಯ, ಪರಿಚಯವಿದೆ ಎಂದಷ್ಟಾದರೂ ಒಪ್ಪಿಕೊಂಡಳು, ಇನ್ನು ದಾರಿಯಿರಲಿಲ್ಲ, ಜಿಪ್ಪು ಎಳೆದ, ಸವತಿಯನ್ನು ತೆಗೆದು ಕೊಟ್ಟ.

ಜಿಪ್ಪು ಮುಚ್ಚಲು ಬಗ್ಗಿದ್ದಷ್ಟೇ, ಠಣ್, ತಲೆಯೆತ್ತಿದರೆ ಅವಳ ಕೈ ಖಾಲಿ, ಕಪ್ಪೆಯ ಬಾಯಿ ಹಾಗೇ ತೆರೆದಿದೆ, ಅಪ್ಪ ಆಮ್, ಅನ್ನುತ್ತಾಳೆ, ಕಪ್ಪೆ ಅಪ್ಪನ್ನ ಆಮ್ ಮಾಡ್ತು, ಒಂದು ಗಳಿಗೆ ಇವನೊಳಗೆ ಏನೋ ಕುಣಿದದ್ದು ನಿಜ, ಸುಳ್ಳೇಕೆ ಹೇಳಬೇಕು, ಪೀಡೆ ತೊಲಗಿತು ಅನ್ನಿಸಿತು, ಆಮೇಲೆ ಅವಳ ಕೆಳತುಟಿ ನೋಡಿದ, ಹೊರಬಂದಿತ್ತು, ನಡುಗುತ್ತಿತ್ತು, ಈಗಿನದು ಹಟದ ಅಳುವಲ್ಲ, ಸದ್ದಿಲ್ಲದ ಅಳು, ಆಟವಾಡುತ್ತ ಅಪ್ಪನನ್ನು ಕಳೆದುಕೊಂಡ ಅಳು, ಇರು ಪುಟ್ಟಾ, ಇರು, ಎನ್ನುತ್ತ ಜೇಬಿನಿಂದ ತನ್ನ ಫೋನು ತೆಗೆದು ಅದಕ್ಕೆ ಕರೆ ಮಾಡಿದ, ಕಪ್ಪೆಯ ಹೊಟ್ಟೆ ರಿಂಗಾಯಿತು, ಕತ್ತಲಲ್ಲಿ ಬೆಳಕು, ಬೆಳಕಿನಲ್ಲಿ ಅತ್ತೆ ಹಾಕಿಟ್ಟ ಇವನದೇ ಫೋಟೋ, ಕೈಯಲ್ಲಿ ಸೌಟು ಹಿಡಿದು ಹಲ್ಲು ಕಿರಿಯುತ್ತಿರುವ ಮೀಸೆ, ಮಗಳು ಕಪ್ಪೆಯ ಬಾಯಿಗೆ ಮುಖ ಕೊಟ್ಟು, ಅಪ್ಪಾ, ಬಾ, ಅಂದಳು, ಇವನು ಅವಳ ಪಕ್ಕದಲ್ಲೇ ನಿಂತು, ಬಂದೆ ಅನ್ನಲಾರದೆ ನಿಂತಿದ್ದ, ಅವಳು ತಿರುಗಿ ಇವನ ಪ್ಯಾಂಟು ಜಗ್ಗಿದಳು, ಮಾಮ, ಅಪ್ಪನ್ನ ತೆಗಿ.

ತೆಗೆಯೋಣ, ಮಾಮನಿಗೆ ಇನ್ನೇನು ಕೆಲಸ, ಭುಜದ ತನಕ ಕೈ ಹಾಕಿದ, ಐಸ್‌ಕ್ರೀಮಿನ ಕಡ್ಡಿ ಸಿಕ್ಕಿತು, ಹೆಸರಿಡಲಾಗದ ಒಂದು ಒದ್ದೆ ಸಿಕ್ಕಿತು, ತನ್ನದೇ ಮೊಟ್ಟೆ ಸಿಕ್ಕಿತು, ಅಪ್ಪ ಸಿಗಲಿಲ್ಲ, ಅಷ್ಟರಲ್ಲಿ ಪೊರಕೆ ಹಿಡಿದ ಕಸಗುಡಿಸುವಾಕೆ ಬಂದಳು, ಏನ್ ಸ್ವಾಮಿ, ಹಸಿವಾಗಿದ್ರೆ ಕ್ಯಾಂಟೀನು ಆ ಕಡೆ ಇದೆ, ಅಂದಳು, ವಿಷಯ ಕೇಳಿ ಅವಳಿಗೆ ಆಶ್ಚರ್ಯವೇ ಆಗಲಿಲ್ಲ, ಮೊನ್ನೆ ಒಬ್ಬ ಅಜ್ಜನ ಹಲ್ಲಿನ ಸೆಟ್ಟು ತೆಗೆದುಕೊಟ್ಟಿದ್ದಳಂತೆ, ಕಪ್ಪೆಯ ಬೆನ್ನಿನ ಬಾಗಿಲಿಗೆ ಕೀಲಿ ತಿರುಗಿಸಿ ಒಳಗಿನ ಡ್ರಮ್ಮನ್ನು ಹೊರಗೆಳೆದಳು, ಡ್ರಮ್ಮಿನಲ್ಲಿ ಇರಲಿಲ್ಲ, ಸಂದಿಯಲ್ಲಿ ಜಾರಿ ಮುಂದೆ, ಕಪ್ಪೆಯ ಗಲ್ಲದ ಕೆಳಗೆ ಹೋಗಿ ಕೂತಿತ್ತು, ನನ್ನ ಸೊಂಟ ಬಗ್ಗಲ್ಲ, ನೀವೇ ಒಳಗೆ ಹೋಗಿ, ಮಗೂನ ನಾನು ನೋಡ್ಕೊಳ್ತೀನಿ, ಅಂದಳು — ಹೋದ, ಮಂಡಿಯೂರಿ, ತಲೆ ತಗ್ಗಿಸಿ, ಹುಳಿ ವಾಸನೆ, ಹಡಗಿನ ಉಗ್ರಾಣಕ್ಕಿಂತ ಇಕ್ಕಟ್ಟು, ಕೈಗೆ ಕೆಂಪು ಕವಚ ತಾಗಿತು, ಹಿಡಿದ, ಡ್ರಮ್ಮು ಎಳೆದಾಗ ನಜ್ಜಿರಬೇಕು, ಗಾಜು ಸೀಳಿಹೋಗಿತ್ತು, ಬೆಳಕಿಲ್ಲ, ಮುಗಿಯಿತು, ಈಗ ಅವಳಿಗೆ ಏನು ತೋರಿಸಲಿ, ಅಪ್ಪ ಒಡೆದುಹೋದ ಎಂದು ಹೇಗೆ ಹೇಳಲಿ ಎಂದು ತಲೆಯೆತ್ತಿದ.

ಕಪ್ಪೆಯ ಬಾಯಿ, ಈಗ ಒಳಗಿನಿಂದ, ಕತ್ತಲಿನ ನಡುವೆ ಒಂದು ತುಂಡು ಬೆಳಕು, ಬೆಳಕಿನ ನಡುವೆ ಅವಳ ಮುಖ, ಈರುಳ್ಳಿ ಮೂಟೆಯ ಮೇಲೆ ಕೂತು ದಿನಾ ನೋಡಿದ್ದು ಹೀಗೆಯೇ, ಅವಳೂ ನೋಡಿದ್ದು ಹೀಗೆಯೇ ಇರಬೇಕು, ಒಂದು ಚೌಕಟ್ಟು, ಅದರೊಳಗೆ ಒಂದು ಮೀಸೆ, ಅಳು ನಿಂತಿತು, ಕಣ್ಣು ಅರಳಿತು, ಅಪ್ಪಾ, ಅಂದಳು — ಅಂದಳೇ, ಅಂದಳು, ಇವನು ಅಲುಗಲಿಲ್ಲ, ಸಿಕ್ತಾ ಸ್ವಾಮಿ, ಹೊರಗೆ ಬನ್ನಿ, ಬೆನ್ನ ಹಿಂದಿನ ದನಿ, ಹೇಗೆ ಬರಲಿ ತಾಯಿ, ಹೊರಗೆ ಬಂದರೆ ಮತ್ತೆ ಮಾಮ, ಇಲ್ಲೇ ಇದ್ದುಬಿಡುತ್ತೇನೆ, ಬೇಕಾದರೆ ಹಡಗಿಗೆ ಹೇಳಿ ಕಳಿಸಿ, ಅಡಿಗೆಯವನನ್ನು ಕಪ್ಪೆ ನುಂಗಿತು ಎಂದು — ಅವಳು ಬಗ್ಗುತ್ತಿದ್ದಾಳೆ, ದಿನಾ ಸಂಜೆಯ ಅಭ್ಯಾಸ, ತುಟಿ ಮುಂದೆ ಮಾಡಿ ಗಾಜಿಗೆ ಕೊಡಲು ಬಗ್ಗುತ್ತಿದ್ದಾಳೆ, ಗಾಜಿಲ್ಲ ಪುಟ್ಟಾ, ಅನ್ನುವಷ್ಟರಲ್ಲಿ ಒದ್ದೆ ತುಟಿ ಮೀಸೆಗೆ ತಾಗಿತು, ಅವಳು ಥಟ್ಟನೆ ಹಿಂದೆ ಸರಿದಳು, ತುಟಿ ಒರೆಸಿಕೊಂಡಳು, ಇವನನ್ನೇ ನೋಡಿದಳು, ಹುಬ್ಬು ಗಂಟಿಕ್ಕಿ, ಇಷ್ಟು ದಿನ ಯಾರೂ ತನಗೆ ಹೇಳಿರದ ಸಂಗತಿಯನ್ನು ಕಂಡುಹಿಡಿದವಳ ಹಾಗೆ, ಅಪ್ಪ ಚುಚ್ತಾನೆ, ಅಂದಳು, ಕಸಗುಡಿಸುವಾಕೆಗೆ ಹೇಳಿದಳು, ಅಪ್ಪ ಚುಚ್ತಾನೆ, ಇವನ ಕೈಯಿಂದ ಕೆಂಪು ಫೋನು ಜಾರಿತು, ಹೋಗಲಿ, ಕಣ್ಣಿಗೆ ನೀರು, ಈರುಳ್ಳಿಯಿಲ್ಲದ ನೀರು, ಕಪ್ಪೆಯ ತೆರೆದ ಬಾಯಿ, ಬೆಳಕು, ಆ ಬೆಳಕಿನಿಂದ ಒಳಗೆ ಬರುತ್ತಿರುವ ಪುಟ್ಟ ಕೈ, ಮೀಸೆಯ ಕಡೆಗೆ, ಮತ್ತೆ, ತೆರೆದ ಬಾಯಿ, ಪುಟ್ಟ ಕೈ, ಮತ್ತೆ —